ಚಿನ್ನದ ಊರಿನಲ್ಲಿ ಮನುಷ್ಯನ ಬೆಲೆ

ಕಳೆದ ವರ್ಷ ಸತ್ಯವೇದದ ಪಾಠದ ವೇಳೆಯಲ್ಲಿ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಎದ್ದು ನಿಂತು, "ಟೀಚರಮ್ಮಾ, ಗಣಿ ಮುಚ್ಚಿದ ಮೇಲೆ ನಮ್ಮೋರಿಗೆ ಏನು ಬೆಲೆ ಅಂತ ನಮ್ಮ ತಾತ ಕೇಳ್ತಾರೆ" ಎಂದಳು. ಆ ದಿನ ನಾವು ಕೊಟ್ಟ ಉತ್ತರವು ನಮಗೇ ಸಾಲದೆಂದು ತೋರಿದ್ದರಿಂದ ಈ ಸಂಚಿಕೆಯಲ್ಲಿ ಅದನ್ನು ಸ್ವಲ್ಪ ವಿಸ್ತರಿಸುತ್ತೇವೆ.

ಚಿನ್ನಕ್ಕೆ ಬೆಲೆ ಕಟ್ಟುವ ರೀತಿಯನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಪಾತಾಳದಿಂದ ಮೇಲೆತ್ತಿದ ಕಲ್ಲನ್ನು ನುಣ್ಣಗೆ ಪುಡಿಮಾಡಿ, ಸೈನೈಡ್ ನೀರಿನಿಂದ ಟನ್ನಿಗೆ ಕೆಲವೇ ಗ್ರಾಂ ಚಿನ್ನವನ್ನು ಬಿಡಿಸಿಕೊಂಡು, ಮಿಕ್ಕದ್ದೆಲ್ಲವನ್ನೂ ಹೊರಗೆ ಸುರಿಯುತ್ತಿದ್ದರು. ಸುರಿದದ್ದೇ ಸೈನೈಡ್ ಗುಡ್ಡಗಳಾಗಿ ನಿಂತಿದೆ. ಗಾಳಿಕಾಲದಲ್ಲಿ ಅದರ ಧೂಳು ನಮ್ಮ ಮಕ್ಕಳ ಪುಸ್ತಕಗಳ ಮೇಲೂ ಕೂರುತ್ತದೆ. ಕಲ್ಲಿನಲ್ಲಿ ಚಿನ್ನದ ಅಂಶವು ಇಳಿದು ಖರ್ಚು ಏರಿದಾಗ, 2001ನೆಯ ಇಸವಿ ಫೆಬ್ರವರಿ 28ರಂದು ಗಣಿಯನ್ನೇ ಮುಚ್ಚಿದರು. ಕಲ್ಲಿಗೆ ಈ ಲೆಕ್ಕ ಸಲ್ಲುವುದು. ತಾತನಿಗೂ ಇದೇ ಲೆಕ್ಕವನ್ನು ಹಾಕಿದರೋ, ಅಲ್ಲಿಂದಲೇ ಕೇಡು.

ಸತ್ಯವೇದದ ಲೆಕ್ಕವು ಬೇರೆ. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂದು ಹೇಳಿದೆ. ಪುರಾತನ ಐಗುಪ್ತದಲ್ಲಿಯೂ ಬಾಬೆಲಿನ ಸೀಮೆಯಲ್ಲಿಯೂ ದೇವರ ಪ್ರತಿರೂಪವೆಂಬ ಬಿರುದು ಅರಸರಿಗೆ ಸಲ್ಲುತ್ತಿತ್ತು. ಇಲ್ಲಿಯಾದರೋ ಅದು ಗಂಡಸಿಗೂ ಹೆಂಗಸಿಗೂ ಸಮವಾಗಿ ಸಂದಿದೆ. (ಹೆಣ್ಣುಮಕ್ಕಳ ಶಾಲೆಯವರಾದ ನಾವು ಈ ಮಾತಿನ ಬಳಿ ಸ್ವಲ್ಪ ಹೊತ್ತು ನಿಲ್ಲುವುದನ್ನು ವಾಚಕರು ಕ್ಷಮಿಸಬೇಕು.) ಆ ಮಾನವು ದೊರೆತಾಗ ಮನುಷ್ಯನು ಇನ್ನೂ ಒಂದು ಕೆಲಸವನ್ನೂ ಮಾಡಿ ತೋರಿಸಿರಲಿಲ್ಲವೆಂಬುದನ್ನು ಗಮನಿಸಿರಿ.

ಹಾಗಾದರೆ ಪಾಪದಿಂದ ಆ ಸ್ವರೂಪವು ಅಳಿದುಹೋಯಿತೇ? ಕೆಲವರು ಹಾಗೆಯೇ ಬೋಧಿಸುವರು; ನಮಗೆ ಅದು ಸರಿಕಾಣದು. ಜಲಪ್ರಳಯವಾದ ನಂತರವೂ ನರಹತ್ಯವನ್ನು ನಿಷೇಧಿಸುವಾಗ ದೇವರು ಅದೇ ಸ್ವರೂಪವನ್ನು ಕಾರಣವಾಗಿ ಕೊಡುತ್ತಾನೆ. ಸ್ವರೂಪಕ್ಕೆ ಮಸಿ ಹತ್ತಿತು, ಸ್ವರೂಪವು ಇಲ್ಲದೆ ಹೋಗಲಿಲ್ಲ. ಲೂಕನ ಸುವಾರ್ತೆಯಲ್ಲಿ ಕರ್ತನು ಹೇಳಿದ ಸಾಮ್ಯವು ಇದಕ್ಕೆ ಒಳ್ಳೆಯ ಬೆಳಕು. ಹತ್ತು ಬೆಳ್ಳಿಯ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ ಮನೆಯನ್ನೆಲ್ಲಾ ಗುಡಿಸುತ್ತಾಳೆ. ಕಸದಲ್ಲಿ ಬಿದ್ದಿದ್ದಷ್ಟು ಕಾಲವೂ ಆ ನಾಣ್ಯದ ಬೆಲೆ ಇಳಿದಿರಲಿಲ್ಲ. ಅದು ಒಡತಿಯ ಕೈಯಲ್ಲಿರಲಿಲ್ಲ, ಅಷ್ಟೇ. ಪುನರುದ್ಧಾರವೆಂದರೆ ಹೊಸದಾಗಿ ಬೆಲೆ ಕೊಡುವುದಲ್ಲ, ಬೆಲೆಯುಳ್ಳದ್ದನ್ನು ಅದರ ಸ್ಥಳಕ್ಕೆ ತರುವುದು.

ಅದಕ್ಕೆ ವೆಚ್ಚವುಂಟು. ಅಪೊಸ್ತಲನಾದ ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ, ನಮ್ಮ ಬಿಡುಗಡೆಗೆ ತೆತ್ತದ್ದು ಚಿನ್ನ ಬೆಳ್ಳಿಯಲ್ಲ, ಕ್ರಿಸ್ತನ ರಕ್ತವೇ ಎನ್ನುತ್ತಾನೆ. ಈ ವಾಕ್ಯದ ತೂಕವನ್ನು ಚಿನ್ನದ ಗಣಿಯವರು ಬಲ್ಲಷ್ಟು ಬೇರೆ ಊರಿನವರು ಬಲ್ಲರೋ ಇಲ್ಲವೋ!

ನಮ್ಮ ಜಿಲ್ಲೆಯಲ್ಲಿಯೇ ಈ ಎರಡು ಲೆಕ್ಕಗಳೂ ಏಕಕಾಲದಲ್ಲಿ ನಡೆದವು. 1875ರಲ್ಲಿ ಲವೆಲ್ ಎಂಬವರು ಇಲ್ಲಿ ಚಿನ್ನ ಹುಡುಕುವ ಹಕ್ಕನ್ನು ಪಡೆದರು. ಮರುವರ್ಷವೇ ಮಹಾಕ್ಷಾಮವು ಕಾಲಿಟ್ಟಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಆಗ ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆಯು ಕೋಲಾರದಲ್ಲಿ ತಬ್ಬಲಿ ಮಕ್ಕಳನ್ನು ಕೂಡಿಸಿ ಸಾಕಿದರು. 1890ರಲ್ಲಿ ಆ ಕಾರ್ಯವನ್ನು ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಶನ್ನಿಗೆ ಒಪ್ಪಿಸಿದರು. ಒಂದೇ ನೆಲದಲ್ಲಿ ಒಬ್ಬರು ಕಲ್ಲನ್ನು ಅಗೆದು ಅದರಲ್ಲೇನು ಸಿಕ್ಕೀತೆಂದು ನೋಡಿದರು. ಇನ್ನೊಬ್ಬರು ಏನೂ ಸಿಕ್ಕದ ಮಕ್ಕಳನ್ನು ಎತ್ತಿಕೊಂಡರು.

ಗಣಿಯ ಕೂಲಿಗಾರರೂ ಈ ಸಂಗತಿಯನ್ನು ಅರಿಯದವರಲ್ಲ. ಚಿನ್ನದ ಕಳವಿನ ಸಂಶಯದಿಂದ ಅವರ ಮೈಯನ್ನು ಶೋಧಿಸುತ್ತಿದ್ದರು. 1930ರಲ್ಲಿ ಬೆರಳೊತ್ತಿ ನೋಂದಣಿ ಮಾಡಿಸಬೇಕೆಂದಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಆ ಮುಷ್ಕರವು ಬರೀ ಕೂಲಿಯ ಜಗಳವಾಗಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಇಷ್ಟೆಲ್ಲಾ ಬರೆಯುವ ನಾವೇ ಒಮ್ಮೆ ತಪ್ಪಿದೆವು. ಬಾಲಿಕೆಯೊಬ್ಬಳ ತಂದೆತಾಯಿಗಳು, ಇಲ್ಲಿಯ ಎಷ್ಟೋ ಮಂದಿಯಂತೆ, ನಸುಕಿನ ರೈಲಿನಲ್ಲಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಬರುವವರು. ಮನೆಯಲ್ಲಿ ಕಾಯಿಲೆಯ ತಮ್ಮನನ್ನು ನೋಡಿಕೊಳ್ಳಲು ಅವಳು ನಿಂತುಬಿಟ್ಟಳು. ನಾವು ವಿಚಾರಿಸದೆ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೀಟು ಎಳೆದೆವು. ನಾಲ್ಕು ತಿಂಗಳಾದ ಮೇಲೆ ಅವಳು ಗೇಟಿನ ಹೊರಗೆ ಸಮವಸ್ತ್ರದಲ್ಲಿ ನಿಂತಿದ್ದಳು. ಒಳಗೆ ಬರಲು ಅಪ್ಪಣೆಯುಂಟೋ ಎಂದು ಆಯಾಳನ್ನು ಕೇಳಿ ಕಳುಹಿಸಿದಳು. ಹೊಸದಾಗಿ ಸೇರಿಸಿಕೊಂಡು ಕೊನೆಯ ಸಂಖ್ಯೆಯನ್ನು ಕೊಡಬಹುದೆಂದು ಗುಮಾಸ್ತರು ಸೂಚಿಸಿದರು. ಬೇಡವೆಂದೆವು. ಅವಳ ಹಳೆಯ ಸಾಲಿನಲ್ಲಿಯೇ, ಆ ಗೀಟಿನ ಮೇಲ್ಗಡೆ, ನಮ್ಮ ಕೈಯಿಂದಲೇ ಅವಳ ಹೆಸರನ್ನು ತಿರುಗಿ ಬರೆದು ರುಜು ಹಾಕಿದೆವು. ತಪಾಸಣೆಗೆ ಬಂದ ಅಧಿಕಾರಿಗಳು ಆ ಪುಟವು ಚೊಕ್ಕಟವಾಗಿಲ್ಲವೆಂದು ಷರಾ ಬರೆದರು.