ಒಂದೇ ಗೆಡ್ಡೆ, ಹಲವು ಬಗೆಯ ಜೀವಕೋಶ

“ಗೆಡ್ಡೆ ತೆಗೆದಾಯ್ತು ಅಂತ ಡಾಕ್ಟ್ರು ಹೇಳಿದ್ರಲ್ಲ, ಮತ್ತೆ ಹೇಗೆ ಬಂತು?” ಮೆದುಳಿನ ಕ್ಯಾನ್ಸರ್ ಆದವರ ಮನೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ. ಉತ್ತರ ಗೆಡ್ಡೆಯ ಜೀವಕೋಶಗಳಲ್ಲಿದೆ.

ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ದೊಡ್ಡವರಿಗೆ ಹೆಚ್ಚಾಗಿ ಬರುವುದು ಗ್ಲಿಯೋಬ್ಲಾಸ್ಟೋಮಾ. ಇದು ತೀರಾ ವೇಗವಾಗಿ ಬೆಳೆಯುತ್ತದೆ. ಆಪರೇಷನ್, ರೇಡಿಯೇಶನ್, ಟೆಮೊಜೊಲೊಮೈಡ್ ಎಂಬ ಔಷಧ, ಇವೇ ಇಂದಿಗೂ ಮುಖ್ಯ ಚಿಕಿತ್ಸೆ. ಈ ಔಷಧದ ಲಾಭವನ್ನು ತೋರಿಸಿದ ದೊಡ್ಡ ಅಧ್ಯಯನ ಬಂದದ್ದು 2005ರಲ್ಲಿ. ರೇಡಿಯೇಶನ್ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಮಂದಿ 12.1 ತಿಂಗಳು ದಾಟಿದ್ದರು. ಔಷಧವೂ ಸೇರಿದಾಗ ಅದು 14.6 ತಿಂಗಳಾಯಿತು. ಲಾಭ ಇದೆ, ಆದರೆ ಸಾಲದು.

ಯಾಕೆ ಸಾಲದು? ಒಂದು, ಈ ಗೆಡ್ಡೆಗೆ ಸರಿಯಾದ ಅಂಚಿಲ್ಲ. ಅದರ ಕೋಶಗಳು ಪಕ್ಕದ ಆರೋಗ್ಯವಂತ ಮೆದುಳಿನೊಳಗೂ ನುಸುಳಿರುತ್ತವೆ. ಅಲ್ಲಿಯವರೆಗೆ ಕತ್ತರಿಸಿದರೆ ಮಾತು, ಕೈಕಾಲಿನ ಶಕ್ತಿ ಹೋದೀತು. ಎರಡು, ಆ ಕೋಶಗಳೆಲ್ಲ ಒಂದೇ ಜಾತಿಯವಲ್ಲ.

ಹಿಂದೆ ಗೆಡ್ಡೆಯ ತುಂಡನ್ನು ಒಟ್ಟಾಗಿ ಅರೆದು ಪರೀಕ್ಷಿಸುತ್ತಿದ್ದರು. ಬಂಗುಡೆ, ಬೂತಾಯಿ, ಸಿಗಡಿ ಎಲ್ಲ ಒಟ್ಟಿಗೆ ರುಬ್ಬಿದರೆ ಬುಟ್ಟಿಯಲ್ಲಿ ಯಾವುದು ಎಷ್ಟಿತ್ತು ಅಂತ ಹೇಳುವುದುಂಟೇ? 2014ರಲ್ಲಿ ಅಮೆರಿಕದ ಬೋಸ್ಟನ್‌ನ ವಿಜ್ಞಾನಿಗಳು ಐದು ರೋಗಿಗಳ ಗೆಡ್ಡೆಗಳಿಂದ 430 ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಒಬ್ಬನದೇ ಗೆಡ್ಡೆಯೊಳಗೆ ಬೇರೆ ಬೇರೆ ಸ್ವಭಾವದ ಕೋಶಗಳು ಸಿಕ್ಕವು. 2019ರಲ್ಲಿ ಇನ್ನೂ ದೊಡ್ಡ ಅಧ್ಯಯನ ನಡೆದು, ಕ್ಯಾನ್ಸರ್ ಕೋಶಗಳಿಗೆ ಮುಖ್ಯವಾಗಿ ನಾಲ್ಕು ರೂಪಗಳಿವೆ ಎಂದು ತಿಳಿಯಿತು. ಒಂದು ರೂಪದ ಕೋಶ ಇನ್ನೊಂದಾಗಿ ಬದಲಾಗಲೂಬಹುದು. ಔಷಧ ಒಂದು ಬಗೆಯನ್ನು ಕೊಂದರೂ ಉಳಿದವು ಮತ್ತೆ ಬೆಳೆಯುತ್ತವೆ. ಇದರ ಜೊತೆಗೆ ನಮ್ಮ ದೇಹದ ರಕ್ಷಣಾ ಕೋಶಗಳೂ ಗೆಡ್ಡೆಯಲ್ಲಿ ತುಂಬಿರುತ್ತವೆ. ಅವುಗಳಲ್ಲಿ ಅನೇಕವನ್ನು ಗೆಡ್ಡೆ ತನ್ನ ಸೇವೆಗೇ ಹಚ್ಚಿಕೊಳ್ಳುತ್ತದೆ. ಹಾಗಾಗಿ ಒಂದೇ ಔಷಧದಿಂದ ಇದನ್ನು ಮಣಿಸುವುದು ಕಷ್ಟ.

ಈ ಕೆಲಸ ಹೊರದೇಶದಲ್ಲಿ ಮಾತ್ರ ನಡೆಯುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕುಮಾರವೇಲ್ ಸೋಮಸುಂದರಂ ಅವರ ತಂಡ ನಿಮ್ಹಾನ್ಸ್ ವೈದ್ಯರ ಜೊತೆ ಸೇರಿ ಇದೇ ಗೆಡ್ಡೆಯ ವಂಶವಾಹಿಗಳನ್ನು ಅಧ್ಯಯನ ಮಾಡಿದೆ.

ಇದಕ್ಕೆಲ್ಲ ಬೇಕಾದದ್ದು ರೋಗಿಗಳ ಗೆಡ್ಡೆಯ ತುಣುಕು. ಆಪರೇಷನ್‌ಗೆ ಮುಂಚೆ “ಸಂಶೋಧನೆಗೆ ಒಪ್ಪಿಗೆ ಇದೆಯಾ” ಅಂತ ಒಂದು ಕಾಗದ ಕೊಟ್ಟರೆ ಹೆದರಬೇಡಿ, ಓದದೆ ಸಹಿಯನ್ನೂ ಹಾಕಬೇಡಿ. ಚಿಕಿತ್ಸೆಗಾಗಿ ಹೇಗೂ ತೆಗೆದ ಗೆಡ್ಡೆಯಲ್ಲಿ ಉಳಿದದ್ದನ್ನು ಮಾತ್ರ ಬಳಸುತ್ತಾರಾ, ಹೆಸರು ಗುಟ್ಟಾಗಿ ಇಡುತ್ತಾರಾ ಎಂದು ಕೇಳಿ, ಕನ್ನಡದಲ್ಲೇ ವಿವರಿಸಲು ಹೇಳಿ. ಒಪ್ಪದಿದ್ದರೂ ಚಿಕಿತ್ಸೆ ಕಡಿಮೆ ಮಾಡುವಂತಿಲ್ಲ. ಒಪ್ಪಿದರೆ ಆ ತುಣುಕಿನಿಂದ ನಿಮ್ಮ ರೋಗಿಗೆ ಇವತ್ತೇ ಗುಣ ಸಿಗದೇ ಇರಬಹುದು. ಆದರೆ ನಾಳೆ ಇದೇ ಕಾಯಿಲೆ ಬರುವ ಇನ್ನೊಬ್ಬರ ಮಗನಿಗೋ ತಾಯಿಗೋ ಸರಿಯಾದ ಔಷಧ ಹುಡುಕಲು ಅದು ಬೇಕು.