ಹಲವು ಬೆಕ್ಕುಗಳ ಮನೆಗೆ ಪ್ಯಾನ್‌ಲ್ಯೂಕೋಪೀನಿಯಾ ಹೊಕ್ಕಾಗ

ನಾಯಿ ಸಾಕುವವರಿಗೆ ‘ಪಾರ್ವೋ’ ಎಂಬ ಹೆಸರು ಹೊಸದಲ್ಲ. ಮರಿಗೆ ರಕ್ತಭೇದಿ ಆರಂಭವಾಯಿತೆಂದರೆ ಮನೆಮಂದಿ ಮೊದಲು ಹೆದರುವುದು ಆ ಹೆಸರಿಗೇ. ಆದರೆ ಬೆಕ್ಕುಗಳಿಗೂ ಅದೇ ಕುಲದ ವೈರಾಣುವೊಂದಿದೆ, ಅದು ನಾಯಿಗಳ ಪಾರ್ವೋಗಿಂತ ಹಳೆಯದು ಎಂಬ ಸಂಗತಿ ಬೆಕ್ಕು ಸಾಕುವ ಅನೇಕರಿಗೆ ತಿಳಿಯುವುದು ಮನೆಯ ಒಂದು ಮರಿ ಸತ್ತ ಬಳಿಕ. ಈ ರೋಗದ ಹೆಸರು ಪ್ಯಾನ್‌ಲ್ಯೂಕೋಪೀನಿಯಾ. ರಕ್ತದಲ್ಲಿನ ಎಲ್ಲ ಬಗೆಯ ಬಿಳಿ ಕಣಗಳೂ ಕುಸಿಯುವುದು ಎಂಬುದೇ ಈ ಉದ್ದನೆಯ ಹೆಸರಿನ ಅರ್ಥ. 2025ರ ಆರಂಭದಲ್ಲಿ ರಾಯಚೂರಿನಲ್ಲಿ ಬೆಕ್ಕುಗಳು ಈ ಸೋಂಕಿಗೆ ಬಲಿಯಾದ ವರದಿಗಳು ಬಂದಾಗ ಈ ಹೆಸರು ಮೊದಲ ಬಾರಿಗೆ ರಾಜ್ಯದ ಅನೇಕರ ಕಿವಿಗೆ ಬಿದ್ದಿತು.

ಒಂದೇ ಬೆಕ್ಕಿರುವ ಮನೆಯಲ್ಲಿ ಇದು ಒಂದು ಪ್ರಾಣಿಯ ಕಾಯಿಲೆ. ಐದಾರು ಬೆಕ್ಕುಗಳಿರುವ ಮನೆಯಲ್ಲಿ ಇದು ಮನೆಯದೇ ಕಾಯಿಲೆ. ಅಲ್ಲಿ ರೋಗಿಯನ್ನು ಉಳಿಸಿಕೊಳ್ಳುವ ಹೋರಾಟದ ಜೊತೆಗೆ, ಇನ್ನೂ ಚೆನ್ನಾಗಿರುವ ಬೆಕ್ಕುಗಳನ್ನು ಕಾಯುವ ಇನ್ನೊಂದು ಹೋರಾಟವೂ ಅದೇ ದಿನ, ಅದೇ ಗಂಟೆಯಲ್ಲಿ ಆರಂಭವಾಗಬೇಕಾಗುತ್ತದೆ. ಗಾಬರಿಯಲ್ಲಿ ಎಲ್ಲರ ಗಮನವೂ ಮೊದಲನೆಯದರ ಮೇಲೇ ಇರುತ್ತದೆ. ಎರಡನೆಯದು ಸೋಲುವುದು ಅಲ್ಲಿಯೇ.

ವೈರಾಣು ಮಾಡುವುದೇನು?

ದೇಹದಲ್ಲಿ ಬಲು ಬೇಗ ವಿಭಜನೆಗೊಳ್ಳುವ ಜೀವಕೋಶಗಳೇ ಈ ವೈರಾಣುವಿನ ಗುರಿ. ಅಂತಹ ಕೋಶಗಳು ಹೇರಳವಾಗಿರುವುದು ಕರುಳಿನ ಒಳಪದರದಲ್ಲಿ ಹಾಗೂ ಮೂಳೆಯೊಳಗಿನ ಮಜ್ಜೆಯಲ್ಲಿ. ಕರುಳಿನ ಪದರ ಹಾಳಾದಾಗ ವಾಂತಿ, ಭೇದಿಗಳ ಮೂಲಕ ದೇಹದ ನೀರು ಬತ್ತುತ್ತದೆ, ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ರಕ್ತ ಸೇರಲು ದಾರಿಯಾಗುತ್ತದೆ. ಅವನ್ನು ತಡೆಯಬೇಕಾದ ಬಿಳಿ ರಕ್ತಕಣಗಳನ್ನು ತಯಾರಿಸುವ ಮಜ್ಜೆಯೂ ಅದೇ ವೇಳೆಗೆ ಸೊರಗಿರುತ್ತದೆ. ಚಿಕಿತ್ಸೆ ಸಿಗದಿದ್ದಲ್ಲಿ ಮರಿಗಳಲ್ಲಿ ಹೆಚ್ಚಿನವು ಬದುಕುಳಿಯುವುದಿಲ್ಲ.

ಸೋಂಕು ತಗುಲಿದ ಎರಡರಿಂದ ಹತ್ತು ದಿನಗಳೊಳಗೆ, ಸಾಮಾನ್ಯವಾಗಿ ಒಂದು ವಾರದಲ್ಲಿ, ಲಕ್ಷಣಗಳು ತೋರುತ್ತವೆ. ಜ್ವರ, ಮಂಕುತನ, ಊಟ ಬಿಡುವುದು, ವಾಂತಿ, ಬಳಿಕ ಭೇದಿ. ಭೇದಿ ಎಲ್ಲ ಬೆಕ್ಕುಗಳಲ್ಲಿಯೂ ಆಗಲೇಬೇಕೆಂದಿಲ್ಲ. ನೀರಿನ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕುಳಿತೇ ಇದ್ದು, ನೀರು ಮಾತ್ರ ಕುಡಿಯದಿರುವುದು ಈ ರೋಗದಲ್ಲಿ ಕಾಣಸಿಗುವ ಭಂಗಿ. ಕೆಲವು ಮರಿಗಳಂತೂ ಯಾವ ಲಕ್ಷಣವನ್ನೂ ತೋರದೆ ರಾತ್ರಿ ಆಡಿಕೊಂಡಿದ್ದು ಬೆಳಗಾಗುವುದರೊಳಗೆ ಸತ್ತಿರುತ್ತವೆ. ಹೀಗಾದಾಗ ‘ಯಾರೋ ವಿಷ ಹಾಕಿದರು’ ಎಂದು ಅಕ್ಕಪಕ್ಕದವರ ಮೇಲೆ ಅನುಮಾನ ಪಡುವುದು, ಅಪಾರ್ಟ್‌ಮೆಂಟ್‌ಗಳಲ್ಲಿ ಅದೇ ಜಗಳಕ್ಕೆ ಕಾರಣವಾಗುವುದು ಅಪರೂಪವೇನಲ್ಲ. ಜಗಳದಲ್ಲಿ ಕಳೆಯುವ ಎರಡು ದಿನಗಳು ಉಳಿದ ಬೆಕ್ಕುಗಳ ಪಾಲಿಗೆ ದುಬಾರಿಯಾದವು. ಆದ್ದರಿಂದ ಕಾರಣ ತಿಳಿಯದ ಸಾವನ್ನು, ಅದರಲ್ಲಿಯೂ ಲಸಿಕೆ ಕಾಣದ ಮರಿಯ ಸಾವನ್ನು, ಬೇರೆಯದೆಂದು ಸಾಬೀತಾಗುವವರೆಗೆ ಸೋಂಕೆಂದೇ ಭಾವಿಸುವುದು ಕ್ಷೇಮ.

ಪಶುವೈದ್ಯರು ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳ ಎಣಿಕೆ ನೋಡುತ್ತಾರೆ. ನಾಯಿಗಳ ಪಾರ್ವೋ ಪತ್ತೆಗೆ ಬಳಸುವ ಮಲಪರೀಕ್ಷೆಯ ಕಿಟ್ ಬೆಕ್ಕುಗಳ ಈ ವೈರಾಣುವನ್ನೂ ಹಿಡಿಯಬಲ್ಲದು. ಫಲಿತಾಂಶ ‘ಇಲ್ಲ’ ಎಂದು ಬಂದರೂ ರೋಗವಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಈ ವೈರಾಣುವಿನ ಕ್ರೌರ್ಯ ಎಷ್ಟೆಂಬುದಕ್ಕೆ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮೇರಿಯನ್ ದ್ವೀಪದ ಕಥೆಯನ್ನು ಹೇಳಬಹುದು. ಹವಾಮಾನ ಕೇಂದ್ರದಲ್ಲಿ ಇಲಿಗಳ ಕಾಟ ತಡೆಯಲೆಂದು 1949ರಲ್ಲಿ ಅಲ್ಲಿಗೆ ಒಯ್ದ ಐದು ಬೆಕ್ಕುಗಳ ಸಂತತಿ 1977ರ ವೇಳೆಗೆ ಸುಮಾರು 3,400ಕ್ಕೆ ಮುಟ್ಟಿ, ಕಡಲಹಕ್ಕಿಗಳನ್ನು ಮುಗಿಸತೊಡಗಿತ್ತು. ಆ ವರ್ಷ ಈ ವೈರಾಣುವನ್ನು ಬೇಕೆಂದೇ ಅವುಗಳ ನಡುವೆ ಬಿಡಲಾಯಿತು. 1982ರ ಹೊತ್ತಿಗೆ ಉಳಿದದ್ದು ಸುಮಾರು 615. ಆದರೆ ಆ ಬಳಿಕ ವೈರಾಣುವಿನ ಆಟ ನಡೆಯಲಿಲ್ಲ. ಬದುಕುಳಿದವುಗಳಿಗೆ ರೋಗನಿರೋಧಕ ಶಕ್ತಿ ಬಂದುಬಿಟ್ಟಿತ್ತು. ಅವನ್ನು ಇಲ್ಲವಾಗಿಸಲು ಕೋವಿ, ಬೋನುಗಳನ್ನೇ ಹಿಡಿಯಬೇಕಾಯಿತು. ಅಮಾನುಷವೆನಿಸುವ ಈ ಕಥೆಯಲ್ಲಿ ಬೆಕ್ಕು ಸಾಕುವವರಿಗೆ ಬೇಕಾದ ಒಂದು ಮಾತಿದೆ. ಪ್ರತಿರೋಧ ಪಡೆದ ಬೆಕ್ಕಿಗೆ ಈ ರೋಗದ ಭಯ ಬಹುಮಟ್ಟಿಗೆ ಇಲ್ಲ. ಆ ಪ್ರತಿರೋಧವನ್ನು ರೋಗದಿಂದ ಪಡೆಯುವ ಬದಲು ಲಸಿಕೆಯಿಂದಲೂ ಪಡೆಯಬಹುದು.

ಮೊದಲ ದಿನದ ಲೆಕ್ಕ

ರೋಗದ ಅನುಮಾನ ಬಂದ ದಿನವೇ ಮನೆಯ ಬೆಕ್ಕುಗಳನ್ನು ಮನಸ್ಸಿನಲ್ಲಿ ಮೂರು ಗುಂಪಾಗಿ ವಿಂಗಡಿಸಬೇಕು. ಕ್ರಮಬದ್ಧವಾಗಿ ಲಸಿಕೆ ಪಡೆದ ದೊಡ್ಡ ಬೆಕ್ಕುಗಳಿಗೆ ಅಪಾಯ ತೀರಾ ಕಡಿಮೆ. ಲಸಿಕೆ ಇಲ್ಲದ, ಅಥವಾ ಅರ್ಧಕ್ಕೆ ನಿಂತಿರುವ, ಇಂದಿಗೆ ಆರೋಗ್ಯವಾಗಿರುವ ಮರಿಗಳೂ ಬೆಕ್ಕುಗಳೂ ಎರಡನೆಯ ಗುಂಪು. ನಿಜವಾದ ಅಪಾಯ ಇರುವುದು ಇವಕ್ಕೇ. ಮೂರನೆಯದು ಕಾಯಿಲೆ ಬಿದ್ದಿರುವ ಬೆಕ್ಕು.

ಎರಡನೆಯ ಗುಂಪಿನ ಬೆಕ್ಕುಗಳಿಗೆ ಕೂಡಲೇ, ಸಾಧ್ಯವಾದರೆ ಅದೇ ದಿನ, ಲಸಿಕೆ ಕೊಡಿಸುವ ಬಗ್ಗೆ ವೈದ್ಯರೊಡನೆ ಮಾತನಾಡಬೇಕು. ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ತಯಾರಿಸಿದ ಲಸಿಕೆ ಕೆಲವೇ ದಿನಗಳಲ್ಲಿ ರಕ್ಷಣೆ ನೀಡತೊಡಗುತ್ತದೆ. ಲಸಿಕೆ ಮತ್ತು ಸೋಂಕಿನ ನಡುವಿನ ಈ ಓಟದಲ್ಲಿ ಲಸಿಕೆ ಗೆದ್ದರೆ ಒಂದು ಜೀವ ಉಳಿಯಿತು. ಲಸಿಕೆ ಹಾಕಿದ ಎರಡು ಮೂರು ದಿನಗಳಲ್ಲೇ ರೋಗ ಕಾಣಿಸಿಕೊಂಡರೆ ‘ಲಸಿಕೆಯಿಂದಲೇ ಬಂತು’ ಎನ್ನುವವರಿದ್ದಾರೆ. ವಾಸ್ತವವಾಗಿ ಆ ಬೆಕ್ಕಿಗೆ ಸೋಂಕು ಮೊದಲೇ ತಗುಲಿರುತ್ತದೆ. ಗರ್ಭಿಣಿ ಬೆಕ್ಕಿಗೂ ನಾಲ್ಕು ವಾರ ತುಂಬದ ಮರಿಗಳಿಗೂ ಈ ಬಗೆಯ ಲಸಿಕೆ ಸಲ್ಲದು. ಗರ್ಭದಲ್ಲಿರುವ ಅಥವಾ ಆಗತಾನೇ ಹುಟ್ಟಿದ ಮರಿಯ ಕಿರುಮೆದುಳಿಗೆ ವೈರಾಣು ಹಾನಿ ಮಾಡುವುದರಿಂದ, ಅವು ಬದುಕಿದರೂ ತೂರಾಡುತ್ತಾ ನಡೆಯಬಹುದು. ಅಂತಹ ಮರಿಗಳು ನೋವಿಲ್ಲದೆ, ನಡಿಗೆಯೊಂದನ್ನು ಬಿಟ್ಟರೆ ಸಹಜವಾಗಿಯೇ, ಪೂರ್ಣಾಯುಷ್ಯ ಬದುಕುವುದುಂಟು. ಅವುಗಳ ಮೇಲೆ ಕೈಚೆಲ್ಲಬೇಕಾಗಿಲ್ಲ.

ಹಣದ ಮಾತನ್ನೂ ಇಲ್ಲಿ ಆಡಬೇಕು. ತೀವ್ರವಾಗಿ ಬಳಲುವ ಒಂದು ಮರಿಯ ಆಸ್ಪತ್ರೆ ವೆಚ್ಚಕ್ಕೆ ಹೋಲಿಸಿದರೆ ನಾಲ್ಕು ಬೆಕ್ಕುಗಳ ಲಸಿಕೆಯ ವೆಚ್ಚ ಸಣ್ಣದು. ಕೈಯಲ್ಲಿರುವ ಹಣ ಸೀಮಿತವಾಗಿದ್ದಲ್ಲಿ ಮೊದಲು ಲಸಿಕೆಗೆ ತೆಗೆದಿರಿಸುವುದು ನಿರ್ದಯೆಯಲ್ಲ. ಬೆಂಗಳೂರಿನ ಹೆಬ್ಬಾಳವೂ ಸೇರಿದಂತೆ ಬೀದರ್, ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಖಾಸಗಿ ಚಿಕಿತ್ಸಾಲಯದ ಖರ್ಚು ಭರಿಸಲಾಗದವರು ಅಲ್ಲಿನ ಆಸ್ಪತ್ರೆಗಳನ್ನು ವಿಚಾರಿಸಬಹುದು.

ಕೈ, ಕಾಲು, ಚಪ್ಪಲಿ

ರೋಗಿಯನ್ನು ಬೇರೆ ಕೋಣೆಯಲ್ಲಿ ಇಡಬೇಕೆಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ವೈರಾಣು ಒಳಗೆ ಉಳಿಯದು. ಅದನ್ನು ಹೊರಗೆ ಒಯ್ಯುವವರು ಆರೈಕೆ ಮಾಡುವ ನಾವೇ. ಎಂದೂ ಹೊಸ್ತಿಲು ದಾಟದ ಫ್ಲ್ಯಾಟ್ ಬೆಕ್ಕಿಗೂ ಈ ರೋಗ ಬರುವುದು ಹೀಗೆಯೇ, ಬೀದಿಯಲ್ಲಿ ತುಳಿದು ಬಂದ ಚಪ್ಪಲಿಯಿಂದ, ಬೇರೆ ಮರಿಯನ್ನು ಎತ್ತಿಕೊಂಡ ಬಟ್ಟೆಯಿಂದ. ರೋಗಿಗೆ ಟೈಲ್ಸ್ ನೆಲದ, ಸುಲಭವಾಗಿ ತೊಳೆಯಬಹುದಾದ ಕೋಣೆ ಒಳ್ಳೆಯದು. ಎರಡು ಕೋಣೆಗಳ ಮನೆಯಲ್ಲಿ ಸ್ನಾನದ ಮನೆಯೇ ಆದೀತು, ನೆಲದ ತಣ್ಣು ತಾಗದಂತೆ ಹಾಸಿಗೆಯೊಂದಿರಲಿ. ಬಟ್ಟಲು, ಲಿಟರ್ ಟ್ರೇ, ನೆಲ ಒರೆಸುವ ಬಟ್ಟೆ, ಒಂದು ಜೊತೆ ಚಪ್ಪಲಿ, ಒಂದು ಹಳೆಯ ಅಂಗಿ, ಇವೆಲ್ಲ ಆ ಕೋಣೆಯವೇ ಆಗಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಓಡಾಟದ ಅನುಕ್ರಮ. ಬೆಳಿಗ್ಗೆ ಮೊದಲು ಊಟ ಹಾಕುವುದೂ ಟ್ರೇ ತೆಗೆಯುವುದೂ ಆರೋಗ್ಯವಾಗಿರುವ ಬೆಕ್ಕುಗಳಿಗೆ, ಅದರಲ್ಲಿಯೂ ಮರಿಗಳಿಗೆ. ರೋಗಿಯ ಕೋಣೆ ಕೊನೆಗೆ. ಅಲ್ಲಿಂದ ಹೊರಬಂದ ಮೇಲೆ ಬಟ್ಟೆ ಬದಲಿಸಿ, ಸಾಬೂನಿನಿಂದ ಹರಿಯುವ ನೀರಿನಲ್ಲಿ ಮೊಣಕೈವರೆಗೂ ತೊಳೆದುಕೊಳ್ಳದೆ ಇತರ ಬೆಕ್ಕುಗಳನ್ನು ಮುಟ್ಟಬಾರದು. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ರೋಗಿಗೆ, ಇನ್ನೊಬ್ಬರು ಉಳಿದವಕ್ಕೆ ಎಂದು ಹಂಚಿಕೊಳ್ಳುವುದು ಲೇಸು. ಮನೆಗೆಲಸಕ್ಕೆ ಬರುವವರಿಗೆ ಆ ಕೋಣೆಯನ್ನು ಗುಡಿಸಲು ಬಿಡದೆ, ಕಾರಣವನ್ನೂ ತಿಳಿಸಬೇಕು. ಅವರು ಹೋಗುವ ಮುಂದಿನ ಮನೆಯಲ್ಲಿಯೂ ಬೆಕ್ಕಿರಬಹುದಲ್ಲವೇ? ರೋಗಿಯೊಡನಿದ್ದ ಉಳಿದ ಬೆಕ್ಕುಗಳನ್ನು ಎರಡು ವಾರಗಳ ಕಾಲ ಪ್ರತಿದಿನ ಗಮನಿಸಬೇಕು, ಅಷ್ಟರಲ್ಲಿ ಯಾವುದನ್ನೂ ಬೇರೆಯವರಿಗೆ ಸಾಕಲು ಕೊಡಬಾರದು.

ಫಿನಾಯಿಲ್ ಬೇಡ

ನಮ್ಮ ಮನೆಗಳಲ್ಲಿ ಶುಚಿ ಎಂದರೆ ಫಿನಾಯಿಲ್ ವಾಸನೆ. ಬೆಕ್ಕಿರುವ ಮನೆಗೆ ಈ ಅಭ್ಯಾಸ ಹೊಂದದು. ಫೀನಾಲ್ ವರ್ಗದ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಹೊರಹಾಕಲಾರದು. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಅದು ವಿಷವೇ ಸರಿ. ಡೆಟಾಲ್ ಮಾದರಿಯ ನಂಜುನಿವಾರಕಗಳಿಗೂ ಈ ಮಾತು ಅನ್ವಯಿಸುತ್ತದೆ. ಕೋವಿಡ್ ಕಾಲದಿಂದ ಮನೆಮನೆಯಲ್ಲಿರುವ ಆಲ್ಕೋಹಾಲ್ ಸ್ಯಾನಿಟೈಸರ್ ಕೂಡ ಇಲ್ಲಿ ಪ್ರಯೋಜನಕ್ಕೆ ಬಾರದು. ಕೊರೊನಾ ವೈರಾಣುವಿಗೆ ಕೊಬ್ಬಿನ ಹೊದಿಕೆಯಿದ್ದು ಆಲ್ಕೋಹಾಲ್ ಅದನ್ನು ಕರಗಿಸುತ್ತದೆ. ಪಾರ್ವೋ ಕುಲದ ವೈರಾಣುಗಳಿಗೆ ಆ ಹೊದಿಕೆಯೇ ಇಲ್ಲ.

ಸುಲಭವಾಗಿ ಸಿಗುವ, ಕೆಲಸ ಮಾಡುವ ವಸ್ತುವೆಂದರೆ ಬ್ಲೀಚ್. ಸುಮಾರು ಶೇ 5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ದ್ರವವನ್ನು ಒಂದು ಲೀಟರ್ ನೀರಿಗೆ 30 ಮಿಲಿಲೀಟರಿನಂತೆ ಬೆರೆಸಬೇಕು. ಮಲ, ವಾಂತಿಗಳ ಕೊಳೆ ಉಳಿದಿದ್ದರೆ ಬ್ಲೀಚ್ ಶಕ್ತಿ ಕಳೆದುಕೊಳ್ಳುವುದರಿಂದ ಮೊದಲು ಸೋಪಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಾಡಿ, ಬಳಿಕ ಈ ದ್ರಾವಣ ಹಾಕಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಆಮೇಲೆ ನೀರಿನಿಂದ ತೊಳೆದು, ನೆಲ ಒಣಗಿದ ನಂತರವೇ ಬೆಕ್ಕುಗಳನ್ನು ಬಿಡಬೇಕು. ದ್ರಾವಣವನ್ನು ದಿನವೂ ಹೊಸದಾಗಿ ತಯಾರಿಸಬೇಕು. ಟಾಯ್ಲೆಟ್ ತೊಳೆಯುವ ಆಸಿಡ್‌ನೊಂದಿಗೆ ಬ್ಲೀಚ್ ಸೇರಿದರೆ ವಿಷಾನಿಲ ಏಳುತ್ತದೆ, ಎಂದೂ ಬೆರೆಸಕೂಡದು. ಬೆಕ್ಕಿನ ಮೂತ್ರದಲ್ಲಿ ಅಮೋನಿಯಾ ಅಂಶವಿರುವುದರಿಂದ ಅದನ್ನೂ ಮೊದಲೇ ತೊಳೆದುಬಿಡಬೇಕು. ರಟ್ಟಿನ ಪೆಟ್ಟಿಗೆ, ಉಗುರು ಕೆರೆಯುವ ಕಂಬ, ಫೋಮ್ ಹಾಸಿಗೆ ಮುಂತಾದ ತೊಳೆಯಲಾಗದ ವಸ್ತುಗಳ ಮೇಲೆ ಮಮಕಾರ ಬೇಡ.

ರೋಗಿಯ ಆರೈಕೆ

ವೈರಾಣುವನ್ನೇ ಕೊಲ್ಲುವ ಖಚಿತ ಔಷಧ ಇಲ್ಲ. ಡ್ರಿಪ್ ಮೂಲಕ ನೀರು, ಲವಣ, ವಾಂತಿ ತಡೆಯುವ ಚುಚ್ಚುಮದ್ದು, ಬ್ಯಾಕ್ಟೀರಿಯಾಗಳ ವಿರುದ್ಧ ಆ್ಯಂಟಿಬಯಾಟಿಕ್, ಮೈ ಬಿಸಿ ಕಾಯ್ದುಕೊಳ್ಳುವ ವ್ಯವಸ್ಥೆ, ವಾಂತಿ ನಿಂತೊಡನೆ ಸ್ವಲ್ಪ ಸ್ವಲ್ಪವಾಗಿ ಆಹಾರ, ಇಷ್ಟರಿಂದಲೇ ಬೆಕ್ಕಿನ ದೇಹಕ್ಕೆ ತನ್ನ ಬಿಳಿ ಕಣಗಳನ್ನು ಮತ್ತೆ ಬೆಳೆಸಿಕೊಳ್ಳಲು ಕಾಲಾವಕಾಶ ಗಳಿಸಿಕೊಡುವುದು ಚಿಕಿತ್ಸೆಯ ತಿರುಳು. ಮೊದಲ ಐದು ದಿನ ದಾಟಿದರೆ ಆಸೆ ಬಲಿಯುತ್ತದೆ. ಜ್ವರವಿದ್ದ ಬೆಕ್ಕಿನ ಮೈ ಇದ್ದಕ್ಕಿದ್ದಂತೆ ತಣ್ಣಗಾದರೆ ಅದು ಗುಣವಾಗುತ್ತಿರುವ ಸೂಚನೆಯಲ್ಲ, ಕೂಡಲೇ ವೈದ್ಯರ ಬಳಿ ಒಯ್ಯಬೇಕಾದ ಸ್ಥಿತಿ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಟ್ಟರೆ ರೋಗಕ್ಕಿಂತ ಮೊದಲು ಆ ಮಾತ್ರೆಯೇ ಬೆಕ್ಕನ್ನು ಕೊಲ್ಲಬಹುದು. ವಾಂತಿಯಾಗುತ್ತಿರುವಾಗ ಬಾಯಿಗೆ ಹಾಲು, ಗಂಜಿ ಸುರಿಯುವುದೂ ತಪ್ಪು.

ಮನುಷ್ಯರಿಗೆ ಈ ರೋಗ ಅಂಟುವುದಿಲ್ಲ. ಆದರೆ ಮನೆಯಲ್ಲಿ ನಾಯಿಯೂ ಇದ್ದರೆ ಒಂದು ಸಂಗತಿ ನೆನಪಿರಲಿ. 1978ರಲ್ಲಿ ಗುರುತಿಸಲಾದ ನಾಯಿಗಳ ಪಾರ್ವೋದ ಈಗಿನ ತಳಿಗಳು ಬೆಕ್ಕುಗಳಿಗೂ ಸೋಂಕು ತರಬಲ್ಲವು. ಹಾಗಾಗಿ ಪಾರ್ವೋ ಬಂದ ನಾಯಿಮರಿಯನ್ನು ಬೆಕ್ಕುಮರಿಗಳ ಬಳಿ ಬಿಡುವಂತಿಲ್ಲ.

ಹೊಸ ಮರಿ ಯಾವಾಗ?

ಗುಣವಾದ ಬೆಕ್ಕು ಆರು ವಾರಗಳವರೆಗೂ ಮಲದಲ್ಲಿ ವೈರಾಣು ಹೊರಹಾಕಬಹುದು. ಅಲ್ಲಿಯವರೆಗೆ ಲಸಿಕೆಯಿಲ್ಲದ ಬೆಕ್ಕುಗಳ ಜೊತೆ ಅದನ್ನು ಸೇರಿಸಬಾರದು. ಮನೆಯ ಸಂದುಗೊಂದುಗಳಲ್ಲಿ ವೈರಾಣು ಒಂದು ವರ್ಷದವರೆಗೂ ಉಳಿಯಬಲ್ಲದು. ಮರಿಯೊಂದನ್ನು ಕಳೆದುಕೊಂಡವರು ದುಃಖ ಮರೆಯಲು ಒಂದೇ ತಿಂಗಳಲ್ಲಿ ಇನ್ನೊಂದನ್ನು ತರುತ್ತಾರೆ. ಬೀದಿಯ ಮರಿಗಳನ್ನು ರಕ್ಷಿಸುವವರು ಮಳೆಯಲ್ಲಿ ನೆನೆಯುತ್ತಿರುವುದನ್ನು ನೋಡಲಾರದೆ ಅದೇ ಮನೆಗೆ ಎತ್ತಿಕೊಂಡು ಬರುತ್ತಾರೆ. ಕರುಣೆಯಿಂದ ತಂದ ಆ ಮರಿ ವಾರದಲ್ಲೇ ಸಾಯುತ್ತದೆ. ಅಂತಹ ಮನೆಗೆ ಒಂದು ವರ್ಷ ಮರಿಗಳು ಬಾರದಿರುವುದೇ ಒಳಿತು, ಬೇರೆ ಮನೆಯೊಂದನ್ನು ಹುಡುಕಿಕೊಡುವುದೇ ಅವಕ್ಕೆ ಮಾಡುವ ಉಪಕಾರ. ತರಲೇಬೇಕೆಂದಿದ್ದರೆ ಲಸಿಕೆ ಪೂರ್ಣಗೊಂಡು ಎರಡು ವಾರ ಕಳೆದಿರುವ ದೊಡ್ಡ ಬೆಕ್ಕನ್ನು ತರಬಹುದು.

ಪೂರ್ಣ ಲಸಿಕೆ ಎಂದರೆ ಒಂದೇ ಚುಚ್ಚುಮದ್ದಲ್ಲ. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯಲ್ಲಿರುವಷ್ಟು ಕಾಲ ಲಸಿಕೆಯನ್ನು ನಿಷ್ಫಲಗೊಳಿಸುತ್ತವೆ. ಅವು ಯಾವಾಗ ಇಳಿಯುತ್ತವೆಂಬುದು ಮರಿಯಿಂದ ಮರಿಗೆ ಬೇರೆ. ಈ ಕಾರಣಕ್ಕೆ ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ ಲಸಿಕೆ ಕೊಡುತ್ತಾರೆ. ನಂತರ ಆರು ತಿಂಗಳಿಂದ ಒಂದು ವರ್ಷದೊಳಗೆ ಇನ್ನೊಂದು. ಎರಡು ಚುಚ್ಚುಮದ್ದಿಗೆ ನಿಲ್ಲಿಸಿದ ಮರಿಗಳೂ ರೋಗಕ್ಕೆ ಸಿಕ್ಕುವುದು ಇದರಿಂದಲೇ.

ಸತ್ತ ಬೆಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಸುತ್ತಿ, ಆಳವಾಗಿ ಹೂಳಬೇಕು, ಇಲ್ಲವೇ ಪ್ರಾಣಿಗಳ ಚಿತಾಗಾರವಿದ್ದಲ್ಲಿ ಅಲ್ಲಿಗೆ ಒಪ್ಪಿಸಬೇಕು. ಖಾಲಿ ನಿವೇಶನದಲ್ಲಿಯೋ ಚರಂಡಿಯ ಬದಿಯಲ್ಲಿಯೋ ಎಸೆಯುವುದು ಸಲ್ಲದು. ಬಳಸಿದ ಲಿಟರ್ ಅನ್ನೂ ಎರಡು ಚೀಲಗಳಲ್ಲಿ ಕಟ್ಟಿಯೇ ಕಸದ ಗಾಡಿಗೆ ಕೊಡಬೇಕು. ಬೀದಿಯ ಬೆಕ್ಕುಗಳಿಗೆ ಊಟ ಹಾಕುವ ಅಭ್ಯಾಸವಿದ್ದವರು ಆ ಕೆಲಸವನ್ನು ಕೆಲವು ವಾರ ಬೇರೆಯವರಿಗೆ ಒಪ್ಪಿಸಿ, ಕಾರಣವೇನೆಂದು ಆ ಬೀದಿಯಲ್ಲಿ ಬೆಕ್ಕು ಸಾಕಿರುವ ಮನೆಗಳಿಗೂ ತಿಳಿಸಿಬರಬೇಕು.