ನಳಿಗೆ ಬದಲಾದ ಕೋವಿ: ಬಂದೂಕಿನ ಅಳತೆಯ ಪರಿವರ್ತನೆ ಮತ್ತು ಜನಪದ ಸ್ಮೃತಿ

ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಮಲೆನಾಡು ಮತ್ತು ಕೊಡಗಿನ ಹಳೆಯ ಮನೆಗಳ ಪಡಸಾಲೆಯಲ್ಲಿ ಗೋಡೆಗೆ ತೂಗುಹಾಕಿದ ಕೋವಿಯನ್ನು ತೋರಿಸಿ ‘ಇದು ಅಜ್ಜನ ಅಜ್ಜ ಹಿಡಿದ ಕೋವಿ’ ಎಂದು ವಕ್ತೃಗಳು ಹೇಳುವುದು ಸಾಮಾನ್ಯ. ಅದೇ ಕೋವಿಯನ್ನು ಇಳಿಸಿ ನೋಡಿದರೆ ಅದರ ಬೀಗದ ತಗಡಿನ ಮೇಲೆ ಒಂದು ಇಸವಿ, ಹಿಂಬದಿಯ ತೋಟಾ ತುಂಬುವ ಭಾಗದಲ್ಲಿ ಅದಕ್ಕಿಂತ ತೀರ ಈಚಿನ ಕೆಲಸ ಕಾಣಿಸಬಹುದು. ಇಂಥ ಸಂದರ್ಭದಲ್ಲಿ ನಮ್ಮ ಸಂಶೋಧಕರು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಬೀಗದ ಇಸವಿಯನ್ನೇ ಇಡೀ ಆಯುಧದ ಕಾಲವೆಂದು ವಸ್ತುಸಂಗ್ರಹಾಲಯದ ಚೀಟಿಯಲ್ಲಿ ಬರೆದುಬಿಡುತ್ತಾರೆ. ಇಲ್ಲವೆ ಹಿಂಬದಿಯ ಹೊಸ ಕೆಲಸವನ್ನು ಕಂಡು ಮನೆಯವರ ಹೇಳಿಕೆಯೇ ಸುಳ್ಳೆಂದು ತಳ್ಳಿಹಾಕುತ್ತಾರೆ. ಒಂದು ಅಳತೆಯ ಅಥವಾ ಒಂದು ಬಗೆಯ ಗುಂಡಿಗಾಗಿ ಮಾಡಿದ ಬಂದೂಕನ್ನು ಇನ್ನೊಂದಕ್ಕೆ ಹೊಂದಿಸುವ ಪದ್ಧತಿಯ ಚರಿತ್ರೆಯನ್ನು ತಿಳಿಯದಿರುವುದೇ ಈ ಎರಡೂ ತಪ್ಪುಗಳಿಗೆ ಕಾರಣ. ಪ್ರಸ್ತುತ ಲೇಖನವು ಭಾರತದ ನೆಲೆಯಲ್ಲಿ ಆ ಚರಿತ್ರೆಯನ್ನು ಪರಿಶೀಲಿಸುತ್ತದೆ. ತಾಂತ್ರಿಕ ಕೈಪಿಡಿಯನ್ನು ಒದಗಿಸುವುದು ಇದರ ಉದ್ದೇಶವಲ್ಲ.

ಮೊದಲಿಗೆ ‘ಅಳತೆ’ ಎಂಬುದರ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಳಿಗೆಯ ಒಳವ್ಯಾಸವನ್ನು ಹೇಳುವ ಎರಡು ಕ್ರಮಗಳು ನಮ್ಮಲ್ಲಿ ಒಟ್ಟಿಗೆ ಬಳಕೆಯಲ್ಲಿವೆ. ‘ಹನ್ನೆರಡು ಬೋರಿನ ಕೋವಿ’ ಎನ್ನುವಾಗ ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಉಂಡೆಗಳನ್ನಾಗಿ ಮಾಡಿದರೆ ಅವುಗಳಲ್ಲಿ ಒಂದರ ಗಾತ್ರವೆಷ್ಟೋ ಅಷ್ಟು ಒಳವ್ಯಾಸವೆಂದು ಅರ್ಥ. ಅದು ಸುಮಾರು 18.5 ಮಿಲಿಮೀಟರ್. ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಕಿರಿದಾಗುವ ಈ ಲೆಕ್ಕ ಮೂಲತಃ ತಕ್ಕಡಿಯ ಲೆಕ್ಕ. ರೈಫಲಿನ ಅಳತೆಯಾದರೋ ಇಂಚಿನ ದಶಮಾಂಶದಲ್ಲಿದೆ. .303 ಎಂದರೆ ಸುಮಾರು 7.7 ಮಿಲಿಮೀಟರ್, .577 ಎಂದರೆ ಸುಮಾರು 14.7 ಮಿಲಿಮೀಟರ್. ಆದರೆ ಈ ಸಂಖ್ಯೆಯೊಂದನ್ನು ಬದಲಿಸಿದರೆ ಪರಿವರ್ತನೆ ಮುಗಿಯಿತೆಂದು ಭಾವಿಸುವಂತಿಲ್ಲ. ತೋಟಾ ಕೂರುವ ಗೂಡು, ಅದನ್ನು ಹಿಂದಿನಿಂದ ತಡೆಹಿಡಿಯುವ ಬೀಗ, ಖಾಲಿ ತೋಟಾವನ್ನು ಹೊರಗೆಳೆಯುವ ಕೊಕ್ಕೆ, ಗುರಿಪಟ್ಟಿ ಇವೆಲ್ಲವೂ ಒಂದೇ ಮದ್ದಿನ ಬಲಕ್ಕೆ ಲೆಕ್ಕಹಾಕಿ ಮಾಡಿದವು. ಒಂದನ್ನು ಬದಲಿಸಿ ಉಳಿದವನ್ನು ಹಾಗೆಯೇ ಬಿಟ್ಟರೆ ಬಂದೂಕು ಹಿಡಿದವನ ಮುಖದ ಬಳಿಯೇ ಒಡೆಯಬಹುದು. ಆದುದರಿಂದಲೇ ಇಲ್ಲಿ ಚರ್ಚಿಸುವ ಪರಿವರ್ತನೆಗಳೆಲ್ಲವೂ ಕಾರ್ಖಾನೆಗಳಲ್ಲಿ, ಪರೀಕ್ಷೆಯ ಮುದ್ರೆಯೊಂದಿಗೆ ನಡೆದಂಥವು.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯ ಕಾಲದಲ್ಲಿ ಅಳತೆಯು ಮನೆಯ ಸೊತ್ತಾಗಿತ್ತು ಎಂಬ ಸಂಗತಿಯನ್ನು ಜಾನಪದ ವಿದ್ವಾಂಸರು ಸಾಕಷ್ಟು ಗಮನಿಸಿಲ್ಲ. ಕೋವಿಯೊಂದಿಗೆ ಗುಂಡಿನ ಅಚ್ಚೂ ಬರುತ್ತಿತ್ತು. ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದು, ಬಂದ ಗುಂಡಿನ ಅಂಚನ್ನು ಒರೆದು, ಬಟ್ಟೆಯ ತುಂಡಿನಲ್ಲಿ ಸುತ್ತಿ ಗಜದಿಂದ ನಳಿಗೆಗೆ ಇಳಿಸುವುದು ಬೇಟೆಗೆ ಮುನ್ನಿನ ಮನೆಗೆಲಸ. ಗುಂಡು ಸ್ವಲ್ಪ ಕಿರಿದಾದರೆ ಬಟ್ಟೆ ದಪ್ಪವಾಗುತ್ತಿತ್ತು; ಗುಂಡಿಲ್ಲದಾಗ ಚರೆ ತುಂಬಿದರೂ ನಡೆಯುತ್ತಿತ್ತು. ಒಂದೇ ಕೋವಿ ಹಲವು ಬಗೆಯ ಈಡನ್ನು ತಾಳಿಕೊಳ್ಳುತ್ತಿತ್ತು. ತೋಟಾ ಬಂದಾಗ ಈ ಸಡಿಲು ಹೋಯಿತು. ಅಳತೆಯು ಅಚ್ಚಿನಿಂದ ಅಂಗಡಿಗೆ, ಅಂಗಡಿಯಿಂದ ಪರವಾನಗಿಯ ಪುಸ್ತಕಕ್ಕೆ ಸಾಗಿತು. ‘ಕೇಪಿನ ಕೋವಿ’, ‘ತೋಟಾ ಕೋವಿ’ ಎಂಬ ಕನ್ನಡದ ಎರಡು ಹೆಸರುಗಳು ಕೋವಿಯನ್ನು ವಿಂಗಡಿಸುವುದು ನಳಿಗೆಯ ಅಳತೆಯಿಂದಲ್ಲ, ಅದಕ್ಕೆ ಉಣಿಸುವ ಪದಾರ್ಥದಿಂದ. ಜನರ ವರ್ಗೀಕರಣ ಇಲ್ಲಿ ಕಾನೂನಿನ ವರ್ಗೀಕರಣಕ್ಕಿಂತ ಸೂಕ್ಷ್ಮವಾಗಿದೆ ಎಂದೇ ನನ್ನ ಅಭಿಪ್ರಾಯ.

ಭಾರತದಲ್ಲಿ ಅಳತೆಯ ಪರಿವರ್ತನೆಯ ಮೊದಲ ದೊಡ್ಡ ಪ್ರಕರಣ 1857ರ ಬಂಡಾಯದ ನೇರ ಪರಿಣಾಮ. ಬಂಡಾಯದ ಕಿಡಿಯಾದ ಎಣ್ಣೆಗಾಗದದ ತೋಟಾ .577 ಅಳತೆಯ 1853ರ ಮಾದರಿಯ ಎನ್‌ಫೀಲ್ಡ್ ರೈಫಲಿಗೆ ಸೇರಿದ್ದು. ನಳಿಗೆಯೊಳಗಿನ ಸುರುಳಿಗೆರೆಗಳಿಂದಾಗಿ ಆ ರೈಫಲಿನ ಗುರಿ ಹಿಂದಿನ ಬಂದೂಕುಗಳಿಗಿಂತ ಬಹುದೂರ ನಿಲ್ಲುತ್ತಿತ್ತು. ಬಂಡಾಯವನ್ನು ಹತ್ತಿಕ್ಕಿದ ಬಳಿಕ ಭಾರತೀಯ ಸಿಪಾಯಿಯ ಕೈಗೆ ಅಂಥ ಆಯುಧವನ್ನು ಕೊಡಲು ಆಡಳಿತ ಹಿಂಜರಿಯಿತು. ಅದೇ ಎನ್‌ಫೀಲ್ಡಿನ ಸುರುಳಿಗೆರೆಗಳನ್ನು ಕೊರೆದು ತೆಗೆದು, ಒಳವ್ಯಾಸವನ್ನು .656 ಇಂಚಿಗೆ ಹಿಗ್ಗಿಸಿ, ನುಣುಪು ನಳಿಗೆಯ ಬಂದೂಕನ್ನಾಗಿಸಲಾಯಿತು. ಇದು 1858ರ ಮಾದರಿ ಎನಿಸಿತು. ಕೊರೆದ ನಳಿಗೆ ತೆಳುವಾಗಿ ಸುಲಭವಾಗಿ ಜಜ್ಜುತ್ತಿದ್ದುದರಿಂದ ಮರುವರ್ಷದ ಮಾದರಿಯಲ್ಲಿ ದಪ್ಪ ನಳಿಗೆಯನ್ನು ಹೊಸದಾಗಿಯೇ ಮಾಡಬೇಕಾಯಿತು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಬಂದೂಕು. ಆಯುಧವನ್ನು ಉತ್ತಮಪಡಿಸಲು ಅಲ್ಲ, ಬೇಕೆಂದೇ ಕುಂದಿಸಲು ಮಾಡಿದ ಪರಿವರ್ತನೆಯೆಂಬುದರಿಂದ ಇದು ವಿಶೇಷ ಗಮನಕ್ಕೆ ಅರ್ಹವಾಗಿದೆ.

ಇದೇ ಕಾಲದ ಕರ್ನಾಟಕದ ಎರಡು ಸಂಗತಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1857ರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಪ್ರತಿಭಟಿಸಿ ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆಯೆದ್ದುದು ಲಾವಣಿಯಾಗಿ ಉಳಿದಿದೆ. ಫ್ಲೀಟ್ ಅದನ್ನು ಸಂಗ್ರಹಿಸಿ ಪ್ರಕಟಿಸಿದ್ದನ್ನು ನಮ್ಮ ಓದುಗರು ಬಲ್ಲರು. ಇತ್ತ ಕೊಡಗಿನವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ಆಯುಧ ಹೊಂದುವುದರ ಮೇಲಿನ ನಿರ್ಬಂಧದಿಂದ ವಿನಾಯಿತಿ ನೀಡಿದನು. ಒಂದೆಡೆ ಹತಾರವನ್ನು ಕಸಿದುಕೊಳ್ಳುವುದು, ಇನ್ನೊಂದೆಡೆ ಉಳಿಸಿಕೊಡುವುದು, ಮತ್ತೊಂದೆಡೆ ಹತಾರವನ್ನು ಕೊಟ್ಟು ಅದರ ಶಕ್ತಿಯನ್ನು ಕಿತ್ತುಕೊಳ್ಳುವುದು: ನಾಲ್ಕೈದು ವರ್ಷಗಳ ಅಂತರದಲ್ಲಿ ನಡೆದ ಈ ಮೂರೂ ಒಂದೇ ನೀತಿಯ ಮುಖಗಳು. ಹಲಗಲಿಯ ಲಾವಣಿಯನ್ನು ಕುರಿತ ನಮ್ಮ ಅಧ್ಯಯನಗಳು ಮೂರನೆಯದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂಬುದು ವಿಷಾದದ ಸಂಗತಿ.

ಬೀಗದ ಇಸವಿಯ ಗೊಂದಲಕ್ಕೆ ಮುಖ್ಯ ಕಾರಣ ಸ್ನೈಡರ್ ಪರಿವರ್ತನೆ. ಲಕ್ಷಾಂತರ ಎನ್‌ಫೀಲ್ಡ್ ರೈಫಲುಗಳನ್ನು ಎಸೆಯದೆ ಹಿಂಬದಿಯಿಂದ ತೋಟಾ ತುಂಬುವಂತೆ ಮಾಡುವ ಉಪಾಯವನ್ನು ಅಮೆರಿಕದ ಜೇಕಬ್ ಸ್ನೈಡರ್ ಸೂಚಿಸಿದನು. 1866ರಲ್ಲಿ ಬ್ರಿಟಿಷ್ ಸೇನೆ ಅದನ್ನು ಅಂಗೀಕರಿಸಿತು. ನಳಿಗೆಯ ಹಿಂತುದಿಯನ್ನು ಕತ್ತರಿಸಿ, ಪಕ್ಕಕ್ಕೆ ತೆರೆಯುವ ಕದವುಳ್ಳ ಹೊಸ ಗೂಡನ್ನು ಅಲ್ಲಿ ಸೇರಿಸಲಾಯಿತು. ಮರದ ಹಿಡಿ, ನಳಿಗೆ, ಕುದುರೆ, ಇಸವಿ ಕೊರೆದ ಬೀಗದ ತಗಡು ಎಲ್ಲವೂ ಹಳೆಯವೇ. ನಳಿಗೆಯ ಅಳತೆ .577 ಆಗಿಯೇ ಉಳಿಯಿತು. ಕಾಗದದ ತೋಟಾದ ಬದಲು ಬಾಕ್ಸರನ ಲೋಹದ ತೋಟಾ ಬಂದಿತು. ಹೀಗಾಗಿ 1866ಕ್ಕೆ ಹಿಂದಿನ ಇಸವಿಯುಳ್ಳ ಬೀಗ ಮತ್ತು 1866ರ ನಂತರದ ಗೂಡು ಒಂದೇ ಬಂದೂಕಿನಲ್ಲಿ ಇರುವುದು ಅಸಹಜವೇನಲ್ಲ. ವಸ್ತುಸಂಗ್ರಹಾಲಯದ ಚೀಟಿಯಲ್ಲಿ ಎರಡೂ ಇಸವಿಗಳನ್ನು ಬರೆಯುವುದೇ ಸರಿಯಾದ ಕ್ರಮ. 1871ರಲ್ಲಿ ಬ್ರಿಟಿಷ್ ಸೈನಿಕರಿಗೆ ಮಾರ್ಟಿನಿ-ಹೆನ್ರಿ ನಿಗದಿಯಾದಾಗ ಸ್ನೈಡರ್ ಭಾರತೀಯ ಪಡೆಗಳ ಪಾಲಿಗೆ ಬಂದಿತು. ಒಂದು ತಲೆಮಾರು ಹಿಂದಿನ ಆಯುಧವನ್ನು ಕೊಡುವ ಪದ್ಧತಿ ಮುಂದೆಯೂ ಮುಂದುವರಿಯಿತು. ಮಾರ್ಟಿನಿಗಳಿಗೂ ಕಾಲಾನಂತರ .303ರ ಹೊಸ ನಳಿಗೆ ತೊಡಿಸಲಾಯಿತೆಂಬುದನ್ನು ಇಲ್ಲಿ ಹೆಸರಿಸಿದರೆ ಸಾಕು.

ಇಪ್ಪತ್ತನೆಯ ಶತಮಾನದಲ್ಲಿ 1858ರ ತರ್ಕವೇ ಮತ್ತೆ ಕಾಣಿಸಿಕೊಂಡಿತು. ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯು .303 ಲೀ-ಎನ್‌ಫೀಲ್ಡ್ ರೈಫಲುಗಳನ್ನು .410 ಅಳತೆಯ, ಎಂದರೆ ಸುಮಾರು 10.4 ಮಿಲಿಮೀಟರಿನ, ನುಣುಪು ನಳಿಗೆಯ ಬಂದೂಕುಗಳನ್ನಾಗಿ ಪರಿವರ್ತಿಸಿ ಪೊಲೀಸರಿಗೂ ಕಾವಲುಗಾರರಿಗೂ ಒದಗಿಸಿತು. ಹತ್ತು ತೋಟಾಗಳನ್ನು ಹಿಡಿಯುತ್ತಿದ್ದ ಪೆಟ್ಟಿಗೆಯೊಳಗೆ ಮರದ ತುಂಡನ್ನಿಟ್ಟು ಒಂದೊಂದೇ ಈಡು ಹಾರಿಸುವಂತೆ ಮಾಡಲಾಯಿತು. ಇದರ ತೋಟಾ .303ರದೇ ಹಿತ್ತಾಳೆ ಕೋಶದಿಂದ, ಕತ್ತನ್ನು ಕಿರಿದಾಗಿಸದೆ, ತಯಾರಾದದ್ದು. ಆ ತೋಟಾ ಸೇನೆಯ .303 ರೈಫಲಿನ ಗೂಡಿಗೆ ಹೋಗುವುದಿಲ್ಲ. ಸೇನೆಯ ಸಣ್ಣ ಗುಂಡು ಈ ಅಗಲವಾದ ನುಣುಪು ನಳಿಗೆಯಲ್ಲಿ ಹಿಡಿತ ಸಿಗದೆ ದಿಕ್ಕುತಪ್ಪುತ್ತದೆ. ಠಾಣೆಯಿಂದ ಬಂದೂಕನ್ನು ಯಾರಾದರೂ ಕಸಿದರೂ ಅದರಿಂದ ಅವರಿಗೆ ಹೆಚ್ಚಿನ ಪ್ರಯೋಜನವಾಗದಂತೆ ಯೋಚಿಸಿ ಮಾಡಿದ ಏರ್ಪಾಡಿದು. ಇದೇ ಇಷಾಪುರದಲ್ಲಿ 1962ರ ಯುದ್ಧದ ನಂತರ 7.62 ಮಿಲಿಮೀಟರಿನ ತೋಟಾಕ್ಕೆ ಹೊಂದುವ 2ಎ ಮತ್ತು 2ಎ1 ರೈಫಲುಗಳು ತಯಾರಾದವು. ಇವನ್ನು ಹಳೆಯ .303ರ ರೂಪಾಂತರಗಳೆಂದು ಬರೆಯುವ ರೂಢಿ ತಪ್ಪು; ಹಳೆಯ ವಿನ್ಯಾಸವನ್ನೇ ಅನುಸರಿಸಿದರೂ ಹೆಚ್ಚು ಬಲವಾದ ಉಕ್ಕಿನಿಂದ ಹೊಸದಾಗಿ ಮಾಡಿದವು ಅವು.

ಖಾಸಗಿ ಬಂದೂಕುಗಳ ಅಳತೆಯನ್ನೂ ಭಯವೇ ನಿರ್ಧರಿಸಿತು. ಬಂಡಾಯಗಾರರ ಬಳಿಯಿರುವ ಮಾರ್ಟಿನಿ-ಹೆನ್ರಿಗಳಿಗೆ ಗುಂಡು ದೊರೆಯಬಾರದೆಂದು .450 ಅಳತೆಯ ತೋಟಾಗಳ ಆಮದನ್ನು ಭಾರತ ಮತ್ತು ಸುಡಾನಿನಲ್ಲಿ ನಿಷೇಧಿಸಿದಾಗ ಇಂಗ್ಲೆಂಡಿನ ಬಂದೂಕು ತಯಾರಕರು .465, .470, .475ರಂಥ ಅಳತೆಗಳನ್ನು ಬಳಕೆಗೆ ತಂದರು. ಆನೆ ಬೇಟೆಯ ಪುಸ್ತಕಗಳಲ್ಲಿ ಈ ವಿಚಿತ್ರ ಸಂಖ್ಯೆಗಳ ಸಾಲು ಕಾಣುವುದು ಈ ಕಾರಣದಿಂದ. ಪ್ರಾಣಿಯ ಗಾತ್ರಕ್ಕೂ ಇವುಗಳ ನಡುವಿನ ಕೂದಲೆಳೆಯ ವ್ಯತ್ಯಾಸಕ್ಕೂ ಸಂಬಂಧವಿಲ್ಲ. ಸೇನೆಯ .303 ನಾಗರಿಕರಿಗೆ ನಿಷಿದ್ಧವಾದುದರಿಂದ ಆಸ್ಟ್ರಿಯಾದ ಮ್ಯಾನ್ಲಿಕರ್ ತೋಟಾದಿಂದ ಬಂದ .315 ಅಳತೆ ಇಲ್ಲಿ ನೆಲೆಯೂರಿತು. ಸ್ವಾತಂತ್ರ್ಯಾನಂತರವೂ ಸರಕಾರಿ ಕಾರ್ಖಾನೆಗಳು ಅದನ್ನೇ ತಯಾರಿಸಿದವು. ಕೆನೆತ್ ಆಂಡರ್ಸನ್‌ನ .405 ವಿಂಚೆಸ್ಟರನ್ನು ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಅರಿತ ಕನ್ನಡ ಓದುಗರು ಹಲವರಿದ್ದಾರೆ. ಹಳ್ಳಿಯ ರೈತನ ಬೆಳೆಗಾವಲಿಗೆ ಇದ್ದದ್ದು ಮಾತ್ರ ಒಂಟಿನಳಿಗೆಯ ಹನ್ನೆರಡು ಬೋರು.

1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಪ್ರಕರಣವು ಬಂದೂಕನ್ನು ತಯಾರಿಸುವಂತೆಯೇ ಪರಿವರ್ತಿಸುವುದಕ್ಕೂ ದುರಸ್ತಿ ಮಾಡುವುದಕ್ಕೂ ಪರವಾನಗಿಯನ್ನು ಕಡ್ಡಾಯಗೊಳಿಸಿದೆ. 2019ರ ತಿದ್ದುಪಡಿಯು ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದನ್ನು ಸ್ಪಷ್ಟ ಮಾತುಗಳಲ್ಲಿ ನಿರ್ಬಂಧಿಸಿತು. ಕಾನೂನಿನ ದೃಷ್ಟಿಯಲ್ಲಿ ಅಳತೆ ಬದಲಾದ ಬಂದೂಕು ಬೇರೆಯೇ ಬಂದೂಕು. ಮನೆಯವರ ದೃಷ್ಟಿ ಹೀಗಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್‌ನಂದು ‘ತೋಕ್’ ಅನ್ನು ತೊಳೆದು ಹೂವಿಟ್ಟು ಪೂಜಿಸುವಾಗ, ಪುತ್ತರಿಯ ಮೊದಲ ಕದಿರು ಕೊಯ್ಯುವಾಗ ಈಡು ಹಾರಿಸುವಾಗ, ಗಂಡುಮಗು ಹುಟ್ಟಿದಾಗ ಒಂದು, ಸಾವಾದಾಗ ಎರಡು ಈಡು ಹಾರಿಸುವಾಗ ಅದರ ಬೋರನ್ನು ಯಾರೂ ಕೇಳುವುದಿಲ್ಲ. ಆಚರಣೆಗೆ ಬೇಕಾದುದು ಸದ್ದು ಮತ್ತು ಅದು ಆ ಮನೆಯದೆಂಬ ನಂಬಿಕೆ. ಕೇಪಿನ ಕೋವಿ ಹೋಗಿ ತೋಟಾ ಕೋವಿ ಬಂದರೂ ಗೋಡೆಯ ಮೇಲಿನ ಸ್ಥಾನ ಅದೇ, ಹೆಸರೂ ಅದೇ. ‘ಅಜ್ಜನ ಅಜ್ಜ ಹಿಡಿದ ಕೋವಿ’ ಎಂಬ ಹೇಳಿಕೆ ಲೋಹವನ್ನು ಕುರಿತದ್ದಲ್ಲ, ಆ ಸ್ಥಾನವನ್ನು ಕುರಿತದ್ದು ಎಂದು ಗ್ರಹಿಸಿದರೆ ಹೇಳಿಕೆಗೂ ವಸ್ತುವಿಗೂ ವಿರೋಧ ಉಳಿಯುವುದಿಲ್ಲ.

ಕೊಡಗಿನ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಹೊಸ ಅವಧಿ 2029ಕ್ಕೆ ಮುಗಿಯಲಿದೆ. ಅಷ್ಟರೊಳಗೆ ಈ ಮನೆಗಳ ಕೋವಿಗಳ ಬೀಗ, ಗೂಡು, ನಳಿಗೆಯ ಮೇಲಿನ ಮುದ್ರೆಗಳನ್ನು ಮನೆಯವರ ನಿರೂಪಣೆಯ ಜೊತೆಗೇ ಛಾಯಾಚಿತ್ರ ಸಹಿತ ದಾಖಲಿಸುವುದು ನಮ್ಮ ವಿಶ್ವವಿದ್ಯಾನಿಲಯಗಳ ಜಾನಪದ ವಿಭಾಗಗಳಿಗೆ ಅಸಾಧ್ಯವೇನಲ್ಲ. ಎಲ್ಲಕ್ಕಿಂತ ಮೊದಲು ಗುಂಡಿನ ಅಚ್ಚುಗಳನ್ನು ಹುಡುಕಬೇಕು. ಕೋವಿಗೆ ಪೂಜೆಯಿದೆ, ದಾಖಲೆಯಿದೆ. ಅಚ್ಚು ಹಳೆಯ ಕಬ್ಬಿಣದ ಬೆಲೆಗೆ ಗುಜರಿಗೆ ಹೋಗುತ್ತಿದೆ.